ಹದಿನಾಲ್ಕು ಮಿಲಿಮೀಟರಿನ ತಪ್ಪು

ಸುರುಳಿಯಕ್ಕನಿಗೆ ಕಂಪನಿಯಿಂದ ಮೂರು ದಿನದ ಕೂಲಿ ಇನ್ನೂ ಬರಬೇಕು. ಹನ್ನೊಂದು ವರ್ಷದ ಹಿಂದೆ ದಂಡವೆಂದು ಮುರಿದುಕೊಂಡದ್ದು. ಚೀಟಿಯಲ್ಲಿ ಕಾರಣ ಬರೆದಿದ್ದರು: 'ಅಜಾಗರೂಕತೆ. ನಲವತ್ತೆರಡು ಬಾಡಿ ಹಾಳು.' ಹಾಳಾದವೆಂದು ಬರೆಸಿಕೊಂಡ ಆ ನಲವತ್ತೆರಡರ ಪುಣ್ಯದಿಂದಲೇ ಕಂಪನಿ ಇವತ್ತಿಗೂ ಹೊಟ್ಟೆ ತುಂಬ ಉಣ್ಣುತ್ತಿದೆ.

ಅವಳ ಕೆಲಸ ಎಲೆಕ್ಟ್ರಿಕ್ ಗಿಟಾರಿಗೆ ಪಿಕಪ್ ಕಟ್ಟುವುದು. ಈ ಗಿಟಾರಿನ ಹೊಟ್ಟೆ, ಕೆಲಸದವರ ಬಾಯಲ್ಲಿ ಬಾಡಿ, ಪೊಳ್ಳಲ್ಲ, ಗಟ್ಟಿ ಹಲಗೆ. ಸುಮ್ಮನೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ತಂತಿಗಳ ಕೆಳಗೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಪೆಟ್ಟಿಗೆಯೊಂದು ಕೂತಿರುತ್ತದೆ. ಅದರೊಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ತಲೆಗೂದಲಿಗಿಂತ ಸಣ್ಣ ತಾಮ್ರದ ಎಳೆ, ಎಂಟು ಸಾವಿರ ಸುತ್ತು. ಉಕ್ಕಿನ ತಂತಿ ಮೇಲೆ ಅಲುಗಿದರೆ ಎಳೆಯಲ್ಲಿ ವಿದ್ಯುತ್ತು ಹರಿಯುತ್ತದೆ, ಅದು ಹೋಗಿ ಸ್ಪೀಕರಿನಲ್ಲಿ ಕೂಗುತ್ತದೆ. ಆ ಪೆಟ್ಟಿಗೆಯೇ ಪಿಕಪ್. ಹತ್ತೊಂಬತ್ತು ವರ್ಷ ಎಳೆ ಸುತ್ತಿ ಸುತ್ತಿ ಅವಳ ಹೆಸರೇ ಸುರುಳಿಯಕ್ಕ ಎಂದಾಗಿಹೋಗಿದೆ. ಮನೆಗೆ ಬಂದ ನೆಂಟರ ಜೊತೆ ಹರಟುವಾಗಲೂ ಅವಳ ಬೆರಳು ಸೆರಗಿನ ದಾರ ಹಿಡಿದು ಸುತ್ತುತ್ತಿರುತ್ತದೆ. "ಮಾತು ಕೊಟ್ರೆ ಅದನ್ನೂ ಸುತ್ತಿ ಇಟ್ಕೋತಾಳೆ" ಎಂದು ಅತ್ತಿಗೆ ಆಡಿಕೊಳ್ಳುತ್ತಾಳೆ.

ಅವಳ ಬೆಂಚಿನಲ್ಲಿ ಒಂಬತ್ತು ಹೆಂಗಸರು. ಎಳೆ ಸುತ್ತುವುದು, ಮೇಣದಲ್ಲಿ ಅದ್ದುವುದು, ಬಾಡಿಯಲ್ಲಿ ಗುಳಿ ಕೊರೆಯುವುದು, ಪಿಕಪ್ ಕೂರಿಸಿ ಬೆಸುಗೆ ಹಾಕುವುದು, ಎಲ್ಲ ಇವರದೇ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂಬತ್ತೂ ಹೆಸರಿನ ಮುಂದೆ 'ಸಹಾಯಕಿ'. ಯಾರಿಗೆ ಸಹಾಯ ಎಂದು ಪುಸ್ತಕದಲ್ಲಿ ಬರೆದಿಲ್ಲ. ಗೋಡೆಯ ಆಚೆ ಮರದ ಕೋಣೆ. ಅಲ್ಲಿನ ಆರು ಗಂಡಸರು 'ಕುಶಲಕರ್ಮಿ'ಗಳು. ಅವರಿಗೆ ಬೆನ್ನು ಆನಿಸುವ ಕುರ್ಚಿ, ಇವರಿಗೆ ಸ್ಟೂಲು. ಮರದ ಕೋಣೆಯ ಹಿರಿಯ ಬೇರಾರೂ ಅಲ್ಲ, ಸುರುಳಿಯಕ್ಕನ ಒಡಹುಟ್ಟಿದ ಅಣ್ಣ. ಎಲ್ಲರ ಬಾಯಲ್ಲಿ ಮರದಣ್ಣ. ಹಲಗೆಯನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿ ಆನಿಸಿ, "ಇದು ಹಾಡುತ್ತೆ, ಇದು ಕೆಮ್ಮುತ್ತೆ" ಎಂದು ವಿಂಗಡಿಸುವವನು. ತಂಗಿಯನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ.

ತಪ್ಪು ಆದದ್ದು ಹೀಗೆ. ಗುಳಿ ಕೊರೆಯಲು ಒಂದು ಅಚ್ಚಿನ ಹಲಗೆ ಇದೆ. ಅದನ್ನು ಬಾಡಿಯ ಮೇಲಿಟ್ಟು, ತೂತಿಗೆ ಗೂಟ ಸಿಕ್ಕಿಸಿ, ಯಂತ್ರ ಓಡಿಸಬೇಕು. ಅಚ್ಚಿನಲ್ಲಿ ಮೂರು ತೂತು. ಸರಿಯಾದದ್ದು ಅಂಚಿನಿಂದ ಎರಡನೆಯದು. ಉಳಿದೆರಡು ಯಾವುದೋ ಕಾಲದ ಮಾದರಿಗೆ ಮಾಡಿ ಬಿಟ್ಟವು. ಮರದ ಪುಡಿ ಹಾರುವ ಕಡೆ ಕಣ್ಣು ತೆರೆದು ಯಾರೂ ನೋಡುವುದಿಲ್ಲ; ಬೆರಳಿನಿಂದ ಎಣಿಸಿ ಗೂಟ ಸಿಕ್ಕಿಸುವುದೇ ರೂಢಿ. ಹಿಂದಿನ ಸಂಜೆ ಯಾರೋ ಪುಣ್ಯಾತ್ಮ ಮೊದಲನೆಯ ತೂತು ಸವೆದಿದೆಯೆಂದು ಪುಟ್ಟಿ ಮೆತ್ತಿ ಮುಚ್ಚಿದ್ದ. ಸುರುಳಿಯಕ್ಕನ ಬೆರಳು ಎಂದಿನಂತೆ ಒಂದು, ಎರಡು ಎಂದು ಎಣಿಸಿತು. ಸಿಕ್ಕಿದ್ದು ಮೂರನೆಯದು. ಸಂಜೆಯ ಹೊತ್ತಿಗೆ ನಲವತ್ತೆರಡು ಬಾಡಿಗಳಲ್ಲಿ, ಎಲ್ಲವೂ ದುಬಾರಿ ಕೆಂಪು ಮರದವು, ಪಿಕಪ್ಪಿನ ಗುಳಿ ಇರಬೇಕಾದ ಜಾಗದಿಂದ ಹದಿನಾಲ್ಕು ಮಿಲಿಮೀಟರು ಕುತ್ತಿಗೆಯ ಕಡೆಗೆ, ಅಂದರೆ ಬೆರಳು ಒತ್ತಿ ನುಡಿಸುವ ಉದ್ದ ಪಟ್ಟಿಯ ಕಡೆಗೆ, ಜಾರಿತ್ತು.

ಮೇಸ್ತ್ರಿ ಅಳತೆಪಟ್ಟಿ ಇಟ್ಟು ನೋಡಿದ, ಬೈದ, ದಂಡ ಹಾಕಿಸಿದ. ಬಿಸಾಡಲು ಮರ ದುಬಾರಿ. ಜಾರಿದ ಗುಳಿಯಲ್ಲೇ ಪಿಕಪ್ ಕೂರಿಸಿ, ತಪ್ಪು ಕಾಣದಂತೆ ಸುತ್ತ ಅಗಲದ ಮುಚ್ಚಳ ಹಾಕಿ, ಅಗ್ಗದ ಬೆಲೆಗೆ ತಳ್ಳಿದರು. ಆರು ತಿಂಗಳಿಗೆ ಅಂಗಡಿಗಳಿಂದ ಕಾಗದ ಬಂತು: ಅದೇ ಬೇಕು, ಆ ಸಲ ಕಳಿಸಿದ್ದೇ ಬೇಕು, ಅದರ ದನಿ ತುಂಬಿಕೊಂಡಿದೆ, ಕಿರುಚುವುದಿಲ್ಲ. ಕಂಪನಿ ಬಣ್ಣದ ಪುಸ್ತಕ ಅಚ್ಚು ಹಾಕಿಸಿತು: ನಲವತ್ತು ವರ್ಷ ಒಣಗಿದ ಅಪರೂಪದ ಕೆಂಪು ಮರ, ಕುಶಲಕರ್ಮಿಯ ಕಿವಿ ಆರಿಸಿದ್ದು, ಅದರಿಂದಲೇ ಈ ದನಿ. ಬೆಲೆ ಐದು ಪಟ್ಟಾಯಿತು. ಅಚ್ಚಿನ ಮೂರನೆಯ ತೂತಿಗೆ ಒಂದು ದಿನ ಬೆಳಗಾಗುವಷ್ಟರಲ್ಲಿ ಕೆಂಪು ಬಣ್ಣದ ಗೂಟವೊಂದು ಕಾಯಮ್ಮಾಗಿ ಬಂದು ಕೂತಿತು. ದುಬಾರಿ ಗಿಟಾರಿಗೆ ಕೆಂಪು ಗೂಟ, ಸಾಧಾರಣದ್ದಕ್ಕೆ ಹಳೆಯ ತೂತು. ಯಾರು ಬಡಿದರು ಎಂದು ಯಾರೂ ಹೇಳಲಿಲ್ಲ. ಸುರುಳಿಯಕ್ಕ ದಂಡ ವಾಪಸು ಕೊಡಿ ಎಂದು ಕೇಳಿದಳು. "ತಪ್ಪು ತಪ್ಪೇ" ಎಂದ ಮೇಸ್ತ್ರಿ.

ಅದನ್ನೂ ನುಂಗಿಕೊಂಡಾಳು. ನುಂಗಲಾಗದ್ದು ಈ ವರ್ಷ ಬಂತು. ಫಲಕದ ಮೇಲೆ ನೋಟಿಸು: ಸಹಾಯಕಿಯರ ಕೆಲಸವನ್ನು ಮುಂದಿನ ತಿಂಗಳಿಂದ ಗುತ್ತಿಗೆಗೆ ಕೊಡಲಾಗುವುದು. ಕುಶಲಕರ್ಮಿಗಳನ್ನು ಹಾಗೆ ಕೀಳಲು ಕಾನೂನು ಬಿಡದು, ಸಹಾಯಕಿಯರನ್ನು ಕಸದಂತೆ ಗುಡಿಸಬಹುದು. ಒಂಬತ್ತು ಜನ ಸಂಘದ ಕಚೇರಿಗೆ ಹೋಗಿ ಅರ್ಜಿ ಬರೆಸಿದರು: ಗಿಟಾರಿನ ದನಿ ಹುಟ್ಟುವುದು ನಮ್ಮ ಬೆಂಚಿನಲ್ಲಿ, ನಾವು ಸಹಾಯಕಿಯರಲ್ಲ.

ಕಂಪನಿ ಉತ್ತರ ಕೊಟ್ಟಿತು: ದನಿ ಮರದ್ದು. ಸಾಕ್ಷಿ, ಮರದ ಕೋಣೆಯ ಹಿರಿಯ.

ಭಾನುವಾರ ಅಣ್ಣ ಮನೆಗೆ ಬಂದ, ಹೆಂಡತಿಯನ್ನೂ ಕರೆದುಕೊಂಡು. ಚಪ್ಪಲಿ ಬಿಡುವ ಮೊದಲೇ ಶುರು.

"ಏನೇ, ಮರ ಮಾತಾಡಲ್ಲ ಅಂತ ಅರ್ಜೀಲಿ ಬರೆಸಿದ್ದೀಯಂತೆ?"

"ಮಾತಾಡುತ್ತೆ ಅಣ್ಣ, ನಿನ್ನ ಹತ್ರ. ಪಿಕಪ್ಪಿಗೆ ಮರ ಕಣ್ಣಿಗೇ ಬೀಳಲ್ಲ. ಅದಕ್ಕೆ ಕಾಣೋದು ಉಕ್ಕಿನ ತಂತಿ ಒಂದೇ."

"ಮೂವತ್ತು ವರ್ಷ ಹಲಗೆ ತಟ್ಟಿ ನನ್ನ ಗೆಣ್ಣು ಸವೆದಿದೆ. ನಾನೇನು ಕಂಡವರ ಮನೆ ಬಾಗಿಲು ತಟ್ತಿದ್ದೆ ಅಂದ್ಕೊಂಡ್ಯಾ?"

"ತಟ್ಟಿದಾಗ ಬರೋ ಸದ್ದು ಬೇರೆ, ಸ್ಪೀಕರಿಂದ ಬರೋದು ಬೇರೆ. ಮರದಿಂದ ಏನೂ ಇಲ್ಲ ಅನ್ನಲ್ಲ ನಾನು. ಇದ್ರೆ ಕೂದಲೆಳೆಯಷ್ಟು. ಪಿಕಪ್ ಸರಿಸಿದ್ರೆ ಆನೆಯಷ್ಟು."

"ಆನೆ ಅಂತೆ, ಕೂದಲಂತೆ. ನೀನು ಗೆದ್ರೆ ಮರದ ಕೋಣೇಲಿ ಮೂರು ಜನ ಸಾಕು ಅಂತ ಮ್ಯಾನೇಜರು ಆಗಲೇ ಹೇಳಿದ್ದಾರೆ. ಗೊತ್ತಾ?"

"ನಾನು ಸೋತ್ರೆ ಒಂಬತ್ತು ಜನ ಬೀದೀಲಿ. ಅದೂ ಗೊತ್ತಾ? ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜನ ಅವರು. ಇವತ್ತು ನನ್ನ ತಳ್ತಾರೆ, ನಾಳೆ ನಿನ್ನ. ಹಗ್ಗ ಹಿಡ್ಕೊಂಡು ನಿಂತಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಅತ್ತಿಗೆ ನೀರಿನ ಲೋಟ ತಂದು ಇಬ್ಬರ ನಡುವೆ ಇಟ್ಟಳು. "ಕುಡೀರಿ. ಗಂಟಲು ಒಣಗಿದ್ರೆ ಬೈಗುಳ ಸರಿಯಾಗಿ ಬರಲ್ಲ."

ಸುರುಳಿಯಕ್ಕ ಮಾತಿನಲ್ಲಿ ಗೆಲ್ಲಲು ಹೊರಟವಳಲ್ಲ. ಹಿತ್ತಲ ಗೋಡೆಗೆ ಒರಗಿಸಿದ್ದ ಮುರಿದ ಮೇಜಿನ ಹಲಗೆ ಎಳೆದು ತಂದಳು. ಕಾಲು ಬಿದ್ದುಹೋದ, ಪಾತ್ರೆಯ ಬಿಸಿಗೆ ಕಪ್ಪು ಉಂಗುರ ಬಿದ್ದ ಹಲಗೆ. ಅದರ ಒಂದು ಕೊನೆಗೆ ತಂತಿ ಬಿಗಿಯುವ ಕಬ್ಬಿಣದ ಪಟ್ಟಿ ಹಾಕಿದಳು. ಕೆಲಸದವರು ಅದನ್ನು ಬ್ರಿಜ್ ಎನ್ನುತ್ತಾರೆ. ನಡುವೆ ಉದ್ದಕ್ಕೆ ಕಾಲುವೆಯಂತೆ ಕೊರೆದು, ಪರದೆ ಎಳೆಯುವ ಕಂಬಿಯಂಥ ಎರಡು ಕಂಬಿ ಕೂರಿಸಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಹಾಗೆ ಒಂದು ಪಿಕಪ್ ಇಟ್ಟಳು. ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿದಳು. ಮರ ಬದಲಿಲ್ಲ, ತಂತಿ ಬದಲಿಲ್ಲ, ಪಿಕಪ್ ಬದಲಿಲ್ಲ. ಬದಲಾಗುವುದು ಜಾಗ ಒಂದೇ.

ಕುತ್ತಿಗೆಯ ವಿಷಯದಲ್ಲಿ ಮಾತ್ರ ಅವಳ ಜಂಬ ಇಳಿಯಿತು. ಮನೆಯಲ್ಲಿದ್ದ ಯಾವುದೋ ರೀಪಿನಿಂದ ಕುತ್ತಿಗೆ ಮಾಡಿ ತಂತಿ ಬಿಗಿದಳು. ನಾಲ್ಕು ದಿನಕ್ಕೆ ಅದು ಬಿಲ್ಲಿನಂತೆ ಬಾಗಿತು. ಶ್ರುತಿ ನಿಲ್ಲಲಿಲ್ಲ, ತಂತಿಗಳು ಜೇನುಹುಳದಂತೆ ಗುಂಯ್ಗುಟ್ಟಿದವು. ಇನ್ನೊಂದು ಮಾಡಿದಳು, ಅದೂ ಬಾಗಿತು. ವಿಧಿಯಿಲ್ಲದೆ ಮರದ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು.

"ಒಂದು ಕುತ್ತಿಗೆ ಬೇಕು ಅಣ್ಣ."

ಅವನು ತಲೆ ಎತ್ತಲಿಲ್ಲ. "ನನ್ನ ಮರ್ಯಾದೆ ಕಳೆಯೋಕೆ ನನ್ನ ಕೈಯಿಂದಲೇ ಮರ ಬೇಕಾ?"

"ಹೌದು. ನನ್ನದು ಬಾಗ್ತಾ ಇದೆ."

ಅಣ್ಣ ಎದ್ದು, ಗೋಡೆಯ ಸಾಲಿನಲ್ಲಿ ಎಂಟು ಹತ್ತು ಪಟ್ಟಿಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಗೆರೆಗಳ ಮೇಲೆ ಉಗುರು ಆಡಿಸಿ, ಒಂದನ್ನು ಅವಳ ಕೈಗೆ ಹಾಕಿದ. "ತಗೋ. ಸೋಲೋದಾದ್ರೂ ನೆಟ್ಟಗೆ ಸೋಲು."

ವಿಚಾರಣೆ ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ. ಕಡತಗಳ ನಡುವೆ ಒಂದು ಮೇಜು, ಎರಡು ಬೆಂಚು, ಕರಕರ ಎನ್ನುವ ಫ್ಯಾನು. ಅಧಿಕಾರಿಗೆ ಸಂಗೀತದ ಗಂಧವೂ ಇಲ್ಲ. ಅದನ್ನು ಅವರೇ ಮೊದಲು ಹೇಳಿಬಿಟ್ಟರು. "ನನಗೆ ಅರ್ಥ ಆಗೋ ಹಾಗೆ ಹೇಳಮ್ಮ. ಜಾಗ ಬದಲಾದ್ರೆ ದನಿ ಯಾಕೆ ಬದಲಾಗಬೇಕು?"

"ಬಟ್ಟೆ ಒಣಹಾಕೋ ಹಗ್ಗ ನೋಡಿದ್ದೀರಲ್ಲ ಸಾರ್. ಗಾಳಿ ಬೀಸಿದ್ರೆ ನಡುವಿನ ಸೀರೆ ತೂಗಾಡುತ್ತೆ, ಮೊಳೆ ಹತ್ತಿರದ ಕರ್ಚೀಫು ಬರೀ ನಡುಗುತ್ತೆ. ಹಗ್ಗ ಒಂದೇ, ಗಾಳಿ ಒಂದೇ. ಬ್ರಿಜ್ ಅಂದ್ರೆ ಆ ಮೊಳೆ. ಪಿಕಪ್ ಅದರ ಪಕ್ಕದಲ್ಲಿಟ್ರೆ ನಡುಗೋದು ಮಾತ್ರ ಕೇಳುತ್ತೆ, ತಗಡು ಗೀರಿದ ಹಾಗೆ. ಕುತ್ತಿಗೆ ಕಡೆ ತಂದಷ್ಟೂ ತೂಗಾಟ ಕೇಳುತ್ತೆ, ದನಿ ದುಂಡಗಾಗುತ್ತೆ."

ಮ್ಯಾನೇಜರು ನಕ್ಕರು. "ಸಾರ್, ಬಟ್ಟೆ ಒಗೆಯೋರ ಕತೆ ಬೇಡ. ನಮ್ಮ ಕೆಂಪು ಮರದ ದನಿ ಕಣ್ಣು ಮುಚ್ಚಿ ಗುರುತಿಸ್ತೀವಿ."

"ಮುಚ್ಚಿ ಹಾಗಾದ್ರೆ" ಎಂದಳು ಸುರುಳಿಯಕ್ಕ, ಚೀಲದಿಂದ ಹೊದಿಕೆಯೊಂದನ್ನು ತೆಗೆದು.

ಹೊದಿಕೆಯನ್ನು ಎರಡು ಕಪಾಟಿನ ನಡುವೆ ಪರದೆಯಾಗಿ ಕಟ್ಟಿದರು. ಅದರ ಹಿಂದೆ ಕೂತವನು ಜುಟ್ಟಿನವನು. ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ದಿನಾ ಗಿಟಾರ್ ನುಡಿಸಿ ನೋಡುವುದೇ ಅವನ ಕೆಲಸ, ಕಂಪನಿಯೇ ಕರೆತಂದಿತ್ತು. ಅವನ ಮುಂದೆ ಒಂದು ಕೆಂಪು ಮರದ ಗಿಟಾರು, ಒಂದು ಸಾಧಾರಣ ಗಿಟಾರು, ಒಂದು ಮೇಜಿನ ಹಲಗೆ. ಮೂರಕ್ಕೂ ಒಂದೇ ಬಗೆಯ ತಂತಿ, ಒಂದೇ ಬಗೆಯ ಪಿಕಪ್, ಒಂದೇ ಸ್ಪೀಕರು. ಅಧಿಕಾರಿ ಚೀಟಿಯಲ್ಲಿ ಸರದಿ ಬರೆದುಕೊಟ್ಟರು. ಐದು ಸಲ ನುಡಿಸಬೇಕು; ಹಲಗೆಯನ್ನು ಮೂರು ಸಲ, ಪ್ರತಿ ಸಲ ಪಿಕಪ್ ಬೇರೆ ಬೇರೆ ಗೆರೆಗೆ ಜಾರಿಸಿ. ಕೇಳುವವರು ಇಬ್ಬರು, ಮ್ಯಾನೇಜರು ಮತ್ತು ಮರದಣ್ಣ. ಎಷ್ಟನೆಯದು ಕೆಂಪು ಮರ, ಬರೆದುಕೊಡಬೇಕು.

ಪರದೆಯ ಹಿಂದೆ ಒಂದೇ ರಾಗ ಐದು ಸಲ ಬಂತು. ಒಂದು ಸಲ ಚೂಪಾಗಿ, ಒಂದು ಸಲ ಕಂಬಳಿ ಹೊದ್ದಂತೆ ಮಂದವಾಗಿ, ಒಂದು ಸಲ ಎಂದಿನ ಸಾಧಾರಣ ದನಿಯಲ್ಲಿ, ಎರಡು ಸಲ ತುಂಬಿದ ಕೊಡದ ಹಾಗೆ. ಮರದಣ್ಣ ಕಣ್ಣು ಮುಚ್ಚಿ, ಗೆಣ್ಣಿನಿಂದ ಬೆಂಚನ್ನು ತಟ್ಟುತ್ತ ಕೇಳಿದ. ತಂಗಿಗೆ ಅವನ ಮುಖ ನೋಡಲಾಗಲಿಲ್ಲ, ಫ್ಯಾನು ನೋಡಿದಳು.

ಚೀಟಿ ಬಿಚ್ಚಿದರು. ಮ್ಯಾನೇಜರು ಬರೆದದ್ದು: ನಾಲ್ಕನೆಯದು, ಸಂಶಯವೇ ಇಲ್ಲ. ಮರದಣ್ಣ ಬರೆದದ್ದು: ಒಂದನೆಯದು ಮತ್ತು ನಾಲ್ಕನೆಯದು, ಎರಡೂ ಕೆಂಪು ಮರವೇ.

ಅಧಿಕಾರಿ ಸರದಿಯ ಚೀಟಿ ಓದಿದರು. ಒಂದನೆಯದು ಕೆಂಪು ಮರ. ನಾಲ್ಕನೆಯದು ಮೇಜಿನ ಹಲಗೆ, ಪಿಕಪ್ ಸಾಧಾರಣ ಜಾಗದಿಂದ ಹದಿನಾಲ್ಕು ಮಿಲಿಮೀಟರು ಕುತ್ತಿಗೆಯ ಕಡೆಗೆ.

ಜುಟ್ಟಿನವನು ಪರದೆಯ ಮೇಲಿಂದ ತಲೆ ಹಾಕಿ, ಕಪ್ಪು ಉಂಗುರದ ಹಲಗೆ ಎತ್ತಿ ತೋರಿಸಿದ. "ಸಾರ್, ನೀವು ಆರಿಸಿದ್ದು ಇದು. ಇದರ ಮೇಲೆ ಯಾರೋ ಸಾರಿನ ಪಾತ್ರೆ ಇಟ್ಟಿದ್ರು."

ಮ್ಯಾನೇಜರು ಕೆಂಪಾಗಲಿಲ್ಲ, ಕಪ್ಪೂ ಆಗಲಿಲ್ಲ. ಅಂಥವರು ಬಿದ್ದರೂ ಮೀಸೆ ಮಣ್ಣಾಗದವರು. "ಸರಿ ಸಾರ್, ಒಪ್ಪಿದೆ. ಮರದಿಂದ ದನಿ ಬರಲ್ಲ ಅಂತಾಯ್ತು. ಅಂದ್ಮೇಲೆ ಮರದ ಕೋಣೆಗಾದ್ರೂ ಕುಶಲಕರ್ಮಿ ಅನ್ನೋ ಹೆಸರು ಯಾಕೆ? ಅದನ್ನೂ ತೆಗೀತೀವಿ. ಈ ಅಮ್ಮನೇ ಸಾಬೀತು ಮಾಡಿಕೊಟ್ಟಿದ್ದಾರೆ."

ಮರದಣ್ಣನ ಗೆಣ್ಣು ಬೆಂಚಿನ ಮೇಲೆ ನಿಂತುಹೋಯಿತು.

ಸುರುಳಿಯಕ್ಕ ಎದ್ದಳು. ಹಲಗೆಯನ್ನು ತೆಗೆದುಕೊಂಡು, ಅದರ ಕುತ್ತಿಗೆಯನ್ನು ಅಧಿಕಾರಿಯ ಕಣ್ಣಿನ ಮಟ್ಟಕ್ಕೆ ಹಿಡಿದಳು.

"ನೋಡಿ ಸಾರ್, ನೆಟ್ಟಗಿದೆಯಾ? ಆರು ತಂತಿ ಸೇರಿ ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆ ಭಾರದಷ್ಟು ಎಳೀತಾ ಇರ್ತಾವೆ, ಹಗಲೂ ರಾತ್ರಿ. ನಾನು ಮಾಡಿದ ಎರಡು ಕುತ್ತಿಗೆ ಒಂದೊಂದು ನಾಲ್ಕು ದಿನಕ್ಕೆ ಬಾಗಿದ್ವು. ಇದು ಅಣ್ಣ ಆರಿಸಿದ್ದು. ಯಾವ ಮರ ಒಣಗಿದೆ, ಗೆರೆ ಯಾವ ಕಡೆ ಓಡಿದೆ, ಯಾವುದು ಹತ್ತು ವರ್ಷ ನಿಲ್ಲುತ್ತೆ, ಯಾವುದು ಭಾರವಾಗಿ ನುಡಿಸೋರ ಹೆಗಲು ಮುರಿಯುತ್ತೆ, ಅದು ಗೊತ್ತಿರೋದು ಅವನಿಗೆ. ಇದಿಲ್ಲದೆ ಇದ್ದಿದ್ರೆ ಇವತ್ತು ಶ್ರುತೀನೇ ನಿಲ್ತಿರಲಿಲ್ಲ, ಪರೀಕ್ಷೆ ಎಲ್ಲಿಂದ ಬರಬೇಕು? ಅವನ ಕಿವೀನೂ ತಪ್ಪಿಲ್ಲ. ಎರಡು ಸಲವೂ ಅದೇ ಜಾಗದ ದನಿ ಹಿಡಿದಿದ್ದಾನೆ. ಅದಕ್ಕೆ ಮರ ಅಂತ ಹೆಸರು ಕೊಟ್ಟವರು ಕಂಪನಿಯವರು. ಒಬ್ಬರ ಕೆಲಸ ಹೇಳೋಕೆ ಇನ್ನೊಬ್ಬರ ಕೆಲಸ ಸುಳ್ಳಾಗಬೇಕಾ? ನಾವು ಹದಿನೈದು ಜನ. ಹದಿನೈದೂ ಕುಶಲವೇ."

"ಭಾಷಣ ಚೆನ್ನಾಗಿದೆ" ಎಂದರು ಮ್ಯಾನೇಜರು. "ಆದ್ರೆ ಸಾರ್, ಈ ಹದಿನಾಲ್ಕು ಮಿಲಿಮೀಟರು ಅನ್ನೋದೇ ಕಟ್ಟುಕತೆ. ನಮ್ಮ ನಕ್ಷೇಲಿ ಎರಡೂ ಮಾದರಿಗೆ ಪಿಕಪ್ಪಿನ ಜಾಗ ಒಂದೇ. ಇಗೋ ನಕ್ಷೆ. ಆಚೀಚೆ ಆಗಿದ್ರೆ ಈ ಹೆಂಗಸರ ಕೈಚಳಕ."

ನಕ್ಷೆಯಲ್ಲಿ ನಿಜಕ್ಕೂ ಒಂದೇ ಇತ್ತು. ಗೂಟವನ್ನು ಯಾರೂ ನಕ್ಷೆಯಲ್ಲಿ ಬರೆದಿರಲಿಲ್ಲ. ಅಧಿಕಾರಿ ಅವಳ ಮುಖ ನೋಡಿದರು. ಗೂಟದ ಮಾತೆತ್ತಿದರೆ ಅದನ್ನೂ ಹೆಂಗಸರೇ ಬಡಿದದ್ದು ಎನ್ನುತ್ತಾರೆ; ಅವಳಲ್ಲಿ ಕಾಗದ ಇರಲಿಲ್ಲ, ಬಾಯಿ ಮಾತ್ರ ಇತ್ತು.

ಆಗ ಮರದಣ್ಣ ಎದ್ದ.

"ಅಚ್ಚಿನಲ್ಲಿ ಕೆಂಪು ಗೂಟ ಇದೆ ಸಾರ್. ಮೂರನೇ ತೂತಿಗೆ. ಬಡಿದವನು ನಾನು."

ಅಧಿಕಾರಿ ಪೆನ್ನು ಎತ್ತಿಕೊಂಡರು.

"ಇವಳ ತಪ್ಪಿಂದ ದನಿ ಬಂತು ಅಂತ ಗೊತ್ತಾದ ದಿನ ಮ್ಯಾನೇಜರೇ ಕರೆದು ಹೇಳಿದ್ರು, ಯಾರಿಗೂ ಕಾಣದ ಹಾಗೆ ಬಡಿ, ನಕ್ಷೆಗೆ ಬೇಡ ಅಂತ. ಬಡಿದೆ. ಬಣ್ಣಾನೂ ನಾನೇ ಹಚ್ಚಿದೆ. ಆ ವರ್ಷ ನನಗೆ ಕುರ್ಚಿ ಬಂತು." ಅವನು ಮ್ಯಾನೇಜರ ಕಡೆ ತಿರುಗಿದ. "ಈಗ ಹೋಗಿ ಕಿತ್ತು ಬರ್ತೀರಾ? ಸರೇಸಿನ ಅಂಟು ಹಾಕಿ ಬಡಿದಿದ್ದೀನಿ, ಬರಲ್ಲ. ಅಚ್ಚು ಒಡೀಬೇಕು."

ಅಧಿಕಾರಿ ಅವತ್ತೇ ಕಾರ್ಖಾನೆಗೆ ಬಂದು ಅಚ್ಚು ನೋಡಿ, ಅಳೆದು, ಸಹಿ ಹಾಕಿಸಿಕೊಂಡರು.

ಹಿಂತಿರುಗುವ ಬಸ್ಸಿನಲ್ಲಿ ಅಣ್ಣ ತಂಗಿ ಅಕ್ಕಪಕ್ಕ ಕೂತರು.

"ಹನ್ನೊಂದು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ ಅಣ್ಣ?"

"ಮೊಳೆ."

"ನುಂಗಿ ಸಾಯ್ತಿದ್ದೆ."

"ಅದಕ್ಕೇ ಉಗುಳಿದೆ."

ಅವಳು ಅವನನ್ನು ಕ್ಷಮಿಸಿದಳೆಂದು ಯಾರೂ ತಿಳಿಯಬೇಕಾಗಿಲ್ಲ. ಎರಡು ವಾರ ಅವನ ಮನೆ ಕಡೆ ತಲೆ ಹಾಕಲಿಲ್ಲ. ಮೂರನೆಯ ವಾರ ಅತ್ತಿಗೆ ಬಂದು, "ಅವರನ್ನ ಬೈಯೋಕೆ ನಾನೊಬ್ಬಳೇ ಸಾಲ್ತಿಲ್ಲ, ಬಾ" ಎಂದು ಎಳೆದುಕೊಂಡು ಹೋದಳು.

ಆದೇಶ ಬಂತು. ಪಿಕಪ್ ಬೆಂಚು ಕುಶಲ ಕೆಲಸ, ಗುತ್ತಿಗೆಗೆ ಕೊಡುವಂತಿಲ್ಲ, ಮರದ ಕೋಣೆಯ ಹೆಸರನ್ನೂ ಮುಟ್ಟುವಂತಿಲ್ಲ. ಕಂಪನಿ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ತೀರ್ಪಾಗುವವರೆಗೆ ಗುತ್ತಿಗೆ ಇಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಹಳೆಯ ಹೆಸರೇ ಇರುತ್ತದೆ ಎಂದು ಮೇಸ್ತ್ರಿ ಸಾರಿದ. ಅಡ್ಡಗೋಡೆಯ ಮೇಲೆ ದೀಪ.

ಒಂಬತ್ತು ಹೆಂಗಸರು ಆ ದೀಪಕ್ಕೆ ಕಾಯುತ್ತಿಲ್ಲ. ದಿನಾ ಬೆಳಿಗ್ಗೆ ಪುಸ್ತಕ ತೆರೆದಾಗ ಸುರುಳಿಯಕ್ಕ ಮೊದಲು ಪೆನ್ನು ಹಿಡಿಯುತ್ತಾಳೆ. ತನ್ನ ಹೆಸರಿನ ಮುಂದಿನ 'ಸಹಾಯಕಿ'ಗೆ ಒಂದು ಗೆರೆ ಎಳೆದು, ಮೇಲೆ 'ಪಿಕಪ್ ಕುಶಲಕರ್ಮಿ' ಎಂದು ದುಂಡಗೆ ಬರೆದು, ಆಮೇಲೆ ಸಹಿ. ಉಳಿದ ಎಂಟು ಜನರೂ ಹಾಗೆಯೇ. ಮೇಸ್ತ್ರಿ ಹೊಸ ಹಾಳೆ ತರುತ್ತಾನೆ, ಅದರಲ್ಲೂ ಹಾಗೆಯೇ. ಪುಸ್ತಕ ಕೆಡಿಸಿದ್ದಕ್ಕೆ ನೋಟಿಸು ಬಂದಿದೆ. ನೋಟಿಸಿನ ವಿಳಾಸದಲ್ಲೂ 'ಸಹಾಯಕಿ' ಎಂದಿತ್ತು. ಅದನ್ನೂ ಹೊಡೆದು, ತಿದ್ದಿ, ಸಹಿ ಮಾಡಿ ವಾಪಸು ಕಳಿಸಿದ್ದಾರೆ. ಈಚೆಗೆ ಮರದ ಕೋಣೆಯ ಆರು ಜನ ತಮ್ಮ ಸಹಿಯ ಸರದಿ ಬಂದಾಗ, ಗೆರೆ ಎಳೆಯಲು ಮರೆತ ಹೆಸರೇನಾದರೂ ಉಳಿದಿದೆಯೇ ಎಂದು ನೋಡುತ್ತಾರೆ. ಉಳಿದಿದ್ದರೆ ತಾವೇ ಎಳೆಯುತ್ತಾರೆ.

ಇದನ್ನು ಓದುತ್ತಿರುವ ನೀವೂ ಎಲ್ಲೋ ಒಂದು ಕಡೆ ಕೆಲಸ ಮಾಡುತ್ತೀರಿ. ಅಲ್ಲಿಯೂ ಒಂದು ಪುಸ್ತಕ ಇದೆ, ಅದರಲ್ಲಿ ಯಾರದೋ ಹೆಸರಿನ ಮುಂದೆ ಸಹಾಯಕ, ಸಹಾಯಕಿ, ಇತರೆ ಎಂದು ಬರೆದಿದೆ. ಅವರು ನಿಜಕ್ಕೂ ಮಾಡುವ ಕೆಲಸ ಏನೆಂದು ನಾಳೆ ಹೋಗಿ ಅವರನ್ನೇ ಕೇಳಿ. ಕೇಳಿ ಸುಮ್ಮನೆ ಬರಬೇಡಿ. ಪೆನ್ನು ತೆಗೆದು ಆ ಸುಳ್ಳಿಗೆ ಗೆರೆ ಎಳೆಯಿರಿ, ಸರಿಯಾದದ್ದನ್ನು ಬರೆಯಿರಿ. ಯಾರು ಬರೆದದ್ದು ಎಂದು ಮೇಲಿನವರು ಕೇಳಿದಾಗ ಎದ್ದು ನಿಂತು ನಿಮ್ಮ ಹೆಸರು ಹೇಳಿ.